ಕಣ್ಣೊಳಗೆ ಉಳಿದ ಚೂರು

ಆಶಾ ಕಾರ್ಯಕರ್ತೆ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಅಕ್ಕ, ಇಲ್ಲೊಬ್ಳು ಹೆಣ್ಮಗಳ ಕಣ್ಣಿಗೆ ಜಾಲಿ ಮುಳ್ಳು ಚುಚ್ಚೈತೆ ಅಂತಾರೆ. ಮುಳ್ಳಲ್ಲ. ನೀನೇ ಬಂದು ನೋಡು. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಅನ್ಬ್ಯಾಡ." ಅಷ್ಟು ಹೇಳಿ ಫೋನಿಟ್ಟುಬಿಟ್ಟಳು. ನಾನು ಚಳ್ಳಕೆರೆಯ ನನ್ನ ಬಾಡಿಗೆ ಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ. ಸಾರು ಉಕ್ಕಿ ಒಲೆ ಆರಿಹೋಯಿತು, ಅದೂ ಆಮೇಲೆ ಗೊತ್ತಾಯಿತು.

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕೆಲಸ ಮಾಡುವವರಿಗೆ ಗುಂಡಿಗೆ ಗಟ್ಟಿ ಇರುತ್ತದೆ ಅಂತ ಜನ ತಿಳಿದಿರುತ್ತಾರೆ. ನಾವು ಇರುವುದೇ ಮೂವರು. ನಾನು, ಒಬ್ಬರು ನಿವೃತ್ತ ನರ್ಸಮ್ಮ, ಶನಿವಾರ ಮಾತ್ರ ಬಿಡುವಾಗುವ ಒಬ್ಬರು ವಕೀಲರು. ಗುಂಡೇಟು ತಿಂದು ಉಳಿದುಕೊಂಡವರ ಜೊತೆ ಆಸ್ಪತ್ರೆ, ಠಾಣೆ, ಕೋರ್ಟು ಅಂತ ಅಲೆಯುವುದು ನಮ್ಮ ಕೆಲಸ. ಇಂಥ ಕೇಸು ನಮ್ಮ ಕಡೆ ಎಲ್ಲಿದೆ ಅಂತ ಕೇಳುವವರಿದ್ದಾರೆ. ಶೇಂಗಾ ಹೊಲಕ್ಕೆ ನುಗ್ಗುವ ಕಾಡುಹಂದಿಗೆ ಅಂತ ಎತ್ತಿದ ಬಂದೂಕು ಹಂದಿಗೇ ತಗುಲಬೇಕೆಂದೇನಿಲ್ಲವಲ್ಲ. ನನ್ನ ಎಡಗೈಯಲ್ಲೇ ಚಿಕ್ಕಂದಿನ ಒಂದು ಚರೆ, ಸಾಸಿವೆಗಿಂತ ತುಸು ದೊಡ್ಡ ಸೀಸದ ಗುಂಡು, ಇನ್ನೂ ಇದೆ. ಒತ್ತಿದರೆ ಚರ್ಮದ ಕೆಳಗೆ ಜಾರುತ್ತದೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಊರು ಮೊಳಕಾಲ್ಮೂರು ತಾಲ್ಲೂಕಿನದು, ಕೊಂಡ್ಲಹಳ್ಳಿಯಿಂದ ಒಳಗೆ. ಹೆಸರು ಬೇಡ. ಮನೆ ಹುಡುಕಲು ಕಷ್ಟವಾಗಲಿಲ್ಲ, ಎಲ್ಲರೂ ನನ್ನನ್ನು ನೋಡಿ ಮಾತು ನಿಲ್ಲಿಸಿದ ಕಡೆ ಆ ಮನೆ ಇತ್ತು.

ಆಕೆಗೆ ಮೂವತ್ತರ ಒಳಗೆ ವಯಸ್ಸು. ಎಡಗಣ್ಣಿಗೆ ದಪ್ಪನೆ ಹತ್ತಿ ಕಟ್ಟಿದ್ದರು. ಕೆನ್ನೆ, ಕುತ್ತಿಗೆಯ ಮೇಲೆ ಕರಿ ಹಕ್ಕಳೆ ಕಟ್ಟಿದ ಸಣ್ಣ ಗಾಯಗಳು. ಅತ್ತೆ ರಾಯದುರ್ಗದ ಕಡೆಯವಳು, "ರಾಮ್ಮಾ, ಕೂರ್ಚೋ" ಅಂತ ತೆಲುಗಿನಲ್ಲೇ ಕರೆದು ಚಾಪೆ ಹಾಸಿದಳು. ಗಂಡ ಬಾಗಿಲಲ್ಲೇ ನಿಂತ. ಊರಿನ ಸಾವ್ಕಾರರ ಹೊಲದಲ್ಲಿ ವರ್ಷಗಟ್ಟಲೆ ದುಡಿಯುವ ಆಳು, ತೆಳ್ಳಗೆ, ಕೈ ಎಲ್ಲಿಡಬೇಕೆಂದು ತಿಳಿಯದವನು.

ಮೊದಲ ಭೇಟಿಯಲ್ಲಿ ನಾವು ಪೆನ್ನು ತೆಗೆಯುವುದಿಲ್ಲ. ಯಾರು ಹೊಡೆದರು ಅಂತಲೂ ಕೇಳುವುದಿಲ್ಲ. ಹಾಗೆ ಕೇಳಿದರೆ ಬಾಯಿ ಮುಚ್ಚುತ್ತದೆ. ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತೇವೆ, ಅಷ್ಟೇ. ನಾನು ಹಾಗೇ ಕೇಳಿದೆ.

"ಹಳ್ಳದ ದಡಕ್ಕೆ ಹೋಗಿದ್ದೆ ಕಣಕ್ಕ. ಬೆಳಗಾಗೆ. ಬಯಲಿಗೆ," ಅಂದಳು. "ಜಾಲಿ ಮೆಳೆ ಆ ಕಡೆಯಿಂದ ಕೂಗು ಕೇಳ್ತು. ಎದ್ದು ನಿಂತೆ. ಅಷ್ಟೇ."

"ಮುಳ್ಳು ಚುಚ್ತು ಅಂತ ಡಾಕ್ಟ್ರಿಗೆ ಹೇಳೀವಿ," ಅಂದ ಗಂಡ, ನನಗಲ್ಲ, ಹೊಸ್ತಿಲಿಗೆ ಹೇಳುವಂತೆ.

"ಉಟ್ಟಿದ್ದ ಸೀರೆ ಐತಾ?" ಅಂತ ಕೇಳಿದೆ.

ತೊಳೆದಿರಲಿಲ್ಲ. ಪುಣ್ಯ. ಸೆರಗನ್ನು ನೆಲದ ಮೇಲೆ ಹರಡಿ ತೂತುಗಳ ಮೇಲೆ ಒಂದೊಂದು ಶೇಂಗಾ ಬೀಜ ಇಟ್ಟೆ. ಎಲ್ಲ ಇಟ್ಟು ಮುಗಿಸಿ ನೋಡಿದರೆ ಒಂದು ಮೊರದಷ್ಟು ಅಗಲಕ್ಕೆ ಹರಡಿದ್ದವು. ಜಾಲಿ ಮುಳ್ಳು ಎಷ್ಟೇ ಕೆಟ್ಟದ್ದಿರಲಿ, ಹೀಗೆ ಚುಚ್ಚುವುದಿಲ್ಲ. ಅತ್ತೆ ಸೀರೆಯನ್ನು ಮಡಚಿ ನನ್ನ ಕೈಗಿಟ್ಟಳು. ನಾವು ಬಟ್ಟೆಯನ್ನು ಕಾಗದದ ಚೀಲದಲ್ಲೇ ಇಡುವುದು, ಪ್ಲಾಸ್ಟಿಕ್ಕಿನಲ್ಲಿ ರಕ್ತದ ಕಲೆಗೆ ಬೂಜು ಹಿಡಿಯುತ್ತದೆ.

ಮರುದಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನರ್ಸಮ್ಮ ಜೊತೆಗಿದ್ದರು. ಪೊಲೀಸ್ ಕೇಸು ಆಗುವಂಥ ಗಾಯ ಅಂತ ದಾಖಲಾಗಬೇಕು, ಆಗ ಆಸ್ಪತ್ರೆಯಿಂದಲೇ ಠಾಣೆಗೆ ಚೀಟಿ ಹೋಗುತ್ತದೆ. ಹಾಗೆ ಹೋಯಿತು. ಪೇದೆ ಬಂದು ಹೇಳಿಕೆ ಬರೆದುಕೊಂಡರು. "ಯಾರು ಹೊಡೆದ್ರೋ ನೋಡ್ಲಿಲ್ಲ," ಅಂದಳು ಆಕೆ. ಅದು ಸುಳ್ಳಲ್ಲ, ಆಕೆ ನೋಡಿರಲಿಲ್ಲ.

ಎಕ್ಸರೇ ಬಂತು. ನಮ್ಮ ಹತ್ತಿರ ಮನುಷ್ಯನ ಆಕಾರದ ಗೆರೆ ಬರೆದ ಹಾಳೆಗಳಿರುತ್ತವೆ, ಎಕ್ಸರೇಯಲ್ಲಿ ಕಂಡದ್ದಕ್ಕೆ ಕೆಂಪು ಚುಕ್ಕೆ ಇಡುತ್ತೇವೆ. ಕೆನ್ನೆಯಲ್ಲಿ ಎರಡು, ಕುತ್ತಿಗೆಯಲ್ಲಿ ಒಂದು, ಹೆಗಲಲ್ಲಿ ಮೂರು, ಕಣ್ಣಲ್ಲಿ ಒಂದು. ನರ್ಸಮ್ಮ ಫಿಲಮ್ಮನ್ನು ಕಿಟಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರು. "ಇವು ಉದ್ದಕ್ಕೆ ಅವಲ್ಲೇ. ಚರೆ ದುಂಡಗಿರ್ಬೇಕಲ್ವಾ?"

"ಎಲುಬಿಗೆ ಬಡಿದು ಚಪ್ಪಟೆ ಆಗಿರ್ತವೆ ಬಿಡ್ರಿ," ಅಂದೆ. ಎಲ್ಲ ತಿಳಿದವಳಂತೆ ಅಂದೆ. ಆ ಮಾತನ್ನು ನೆನೆದರೆ ಈಗಲೂ ನನ್ನ ಬಾಯಿಗೆ ನಾನೇ ಬಡಿದುಕೊಳ್ಳೋಣ ಅನಿಸುತ್ತದೆ.

ಯಾಕೆ ಅಂದೆ ಎಂದರೆ, ಹೊಡೆದವರು ಯಾರು ಅಂತ ನನ್ನ ತಲೆಯೊಳಗೆ ಆಗಲೇ ತೀರ್ಮಾನವಾಗಿತ್ತು. ಆ ಸೀಮೆಯಲ್ಲಿ ಲೈಸೆನ್ಸು ಇರುವ ಬಂದೂಕು ಒಂದೇ, ಸಾವ್ಕಾರರದು. ತೋಟಾ, ಅಂದರೆ ಕಾರ್ಟ್ರಿಜ್ ಹಾಕುವ ಬಂದೂಕು. ತೋಟಾದೊಳಗೆ ಇರುವುದು ಸೀಸದ ಚರೆ. ಹೊಲ ಅವರದು, ಅವತ್ತು ಹಂದಿ ಬೇಟೆಗೆ ಜನ ಸೇರಿಸಿದವರು ಅವರು ಅಂತ ಊರಲ್ಲಿ ಕೇಳಿದ್ದೆ, ಮುಳ್ಳು ಅಂತ ಹೇಳಿಸಿದವರೂ ಅವರೇ ಇರಬೇಕು. ಇನ್ನೇನು ಬೇಕು?

ಎರಡು ದಿನ ಬಿಟ್ಟು ದಾವಣಗೆರೆಯ ಕಣ್ಣಿನ ಡಾಕ್ಟರ ಮುಂದೆ ಕೂತೆವು. ಸ್ಕ್ಯಾನಿನಲ್ಲಿ ಕಣ್ಣಗುಡ್ಡೆಯ ಹಿಂಬದಿಯ ಪರದೆಗೆ ತಾಗಿಕೊಂಡು ಒಂದು ಬಿಳಿ ಚೂರು. ಡಾಕ್ಟರು ಪೆನ್ನಿನಿಂದ ಅದನ್ನು ಮುಟ್ಟಿ ತೋರಿಸಿದರು. "ಲೋಹ ಅಂತ ಕಾಣುತ್ತೆ, ಯಾವ ಲೋಹ ಅಂತ ಇದರಲ್ಲಿ ಖಚಿತ ಆಗಲ್ಲ. ಸೀಸ ಆದ್ರೆ ಸದ್ಯಕ್ಕೆ ಬಿಟ್ಟು ಗಮನಿಸಬಹುದು, ಇಂಥ ಜಾಗದಿಂದ ತೆಗೆಯೋಕೆ ಹೋಗಿ ಪರದೆ ಹರಿದ್ರೆ ಕಷ್ಟ. ಕಬ್ಬಿಣ ಆದ್ರೆ ಒಳಗೇ ತುಕ್ಕು ಬಿಡುತ್ತೆ, ಕಣ್ಣು ಸಾಯುತ್ತೆ, ಬೇಗ ತೆಗೀಲೇಬೇಕು. ಏನು ಹಾಕಿದ್ರು ಬಂದೂಕಿಗೆ?"

ಆಕೆ ಗಂಡನ ಕಡೆ ತಿರುಗಲಿಲ್ಲ. ಗಂಡ ನೆಲ ನೋಡಿದ.

"ಸೀಸ ಸಾರ್. ತೋಟಾ ಬಂದೂಕು," ಅಂದೆ ನಾನು.

ಡಾಕ್ಟರು ಬರೆದುಕೊಂಡರು. ಹನಿ ಔಷಧ ಕೊಟ್ಟು ಹದಿನೈದು ದಿನ ಬಿಟ್ಟು ಬನ್ನಿ ಅಂದರು.

ಆ ವಾರ ನಾನು ಅರ್ಜಿ ಬರೆಯಲು ಕೂತೆ. ಒಂದು ಪೊಲೀಸ್ ಮೇಲಧಿಕಾರಿಗಳಿಗೆ, ಸಾವ್ಕಾರರ ಬಂದೂಕನ್ನು ವಶಕ್ಕೆ ತೆಗೆದುಕೊಳ್ಳಿ ಅಂತ. ಇನ್ನೊಂದು ಕಾನೂನು ಸೇವೆಯ ಕಚೇರಿಗೆ, ಸಂತ್ರಸ್ತರಿಗೆ ಸಿಗುವ ಪರಿಹಾರಕ್ಕೆ. ಎರಡರಲ್ಲೂ ಹೊಡೆದವರ ಹೆಸರಿನ ಜಾಗದಲ್ಲಿ ಸಾವ್ಕಾರರ ಹೆಸರು. ಅಕ್ಷರ ದುಂಡಗೆ ಬರಲೆಂದು ಎರಡು ಸಲ ಬರೆದೆ. ಆಕೆಯ ಬೆರಳಚ್ಚೊಂದು ಬೀಳುವುದು ಬಾಕಿ.

ಆಗ ಸಾವ್ಕಾರರು ನಮ್ಮ ಮನೆಗೆ ಬಂದರು.

ಮಧ್ಯಾಹ್ನ. ಜೀಪು ಬಾಗಿಲಿಗೆ ಅಡ್ಡವಾಗಿ ನಿಂತಿತು, ಒಳಗೆ ಬೆಳಕೇ ಕಡಿಮೆಯಾಯಿತು. ಒಬ್ಬರೇ ಬಂದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ತುಂಬ ಮರ್ಯಾದಸ್ಥರ ಮಾತು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು ನೀರು ಕೇಳಿದರು. ಕೊಟ್ಟೆ.

"ಒಬ್ರೇ ಇರ್ತೀರೇನವ್ವ?"

"ಹೂಂ ರಿ."

"ನನ್ನ ಗನ್ನು ಮನೆ ಬೀರು ಬಿಟ್ಟು ಈಚೆ ಬಂದಿಲ್ಲ. ಬೇಕಾದ್ರೆ ನಾಳೆನೇ ಠಾಣೆಗೆ ತಂದು ಒಪ್ಪಿಸ್ತೀನಿ, ಎಲ್ಲಿಗಾದ್ರೂ ಕಳ್ಸಿ ಪರೀಕ್ಷೆ ಮಾಡಿಸ್ಲಿ." ನೀರು ಪೂರ್ತಿ ಕುಡಿದರು. "ಆ ಹೆಣ್ಮಗಳು ನಮ್ಮ ಹೊಲದ ಕೂಸು ಇದ್ದಂಗೆ. ಆಪರೇಷನ್ನು ನಾನೇ ಮಾಡಿಸ್ತೀನಿ, ನನ್ಗೊತ್ತಿರೋ ನರ್ಸಿಂಗ್ ಹೋಮ್‌ನಾಗೆ. ಚೂರು ತೆಗೆದು ಬಿಸಾಡ್ತಾರೆ, ಮುಗೀತು. ನೀವ್ಯಾಕೆ ಸುಮ್ನೆ ಬಿಸಿಲಾಗೆ ಓಡಾಡ್ತೀರಿ?"

ಅವರು ಎದ್ದು ಬಾಗಿಲ ಹತ್ತಿರ ನಿಂತರು.

"ಚಿಕ್ಕೋರಿದ್ದಾಗ ಎಡಗೈಗೆ ಏನೋ ಆಗಿತ್ತಂತಲ್ಲ ನಿಮಗೆ. ಬಲಗೈ ಚೆನ್ನಾಗೈತೆ. ಅದ್ರಾಗೇ ಬರೆಯೋದು, ಹೌದಾ?"

ಜೀಪು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಚಿಲಕ ಹಾಕಿದ್ದೇನಾ ಅಂತ ನಾಲ್ಕು ಸಲ ಎದ್ದು ನೋಡಿದೆ. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ, ಚಳಿಗೆ ಮುದುಡಿದವಳ ಹಾಗೆ. ಸಂಜೆಯೊಳಗೆ ಎರಡು ಸೀರೆ ತುಂಬಿಕೊಂಡು ನರ್ಸಮ್ಮನ ಮನೆಗೆ ಹೋಗಿಬಿಟ್ಟೆ. "ಕೈ ಮುರೀತೀನಿ ಅಂತ ಅಂದ್ನಾ?" ಅಂತ ಅವರು ಕೇಳಿದರು. "ಹಂಗೇನೂ ಅನ್ಲಿಲ್ಲ," ಅಂದೆ. "ಅದೇ ಮತ್ತೆ," ಅಂದು ಅವರೂ ಒಳಗಿಂದ ಬೀಗ ಹಾಕಿದರು. ಬೀರು ಬಿಟ್ಟು ಬಂದಿಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳಿದರಲ್ಲ, ಅದನ್ನು ನಾನು ಸೊಕ್ಕು ಅಂದುಕೊಂಡೆ. ನಿಜ ಇರಬಹುದು ಅಂತ ಒಂದು ಸಲವೂ ಹೊಳೆಯಲಿಲ್ಲ.

ಬೆರಳಚ್ಚು ತರಲು ಹೋಗಲೇಬೇಕಿತ್ತು. ನಾಲ್ಕು ದಿನ ಮುಂದೂಡಿದೆ, ಜ್ವರ ಅಂದೆ, ಬಸ್ಸಿಲ್ಲ ಅಂದೆ. ಐದನೇ ದಿನ ಆಕೆಯೇ ಫೋನು ಮಾಡಿದಳು. "ಅಕ್ಕ, ಆ ಕಣ್ಣಾಗೆ ಹೊಗೆ ತುಂಬ್ದಂಗೆ ಆಗೈತೆ. ಬೆಳಗಾಗೆ ಅಷ್ಟೋ ಇಷ್ಟೋ ಕಾಣ್ತೈತೆ. ಹೊತ್ತು ಮುಳುಗಿದ್ರೆ ಆ ಕಣ್ಣೇ ಇಲ್ಲ."

ಹೊರಟೆ. ಸ್ಟಾಪಿನಲ್ಲಿ ಇಳಿದು ನಡೆಯುವಾಗ ಹಿಂದೆ ಒಂದು ಬೈಕು ನಿಧಾನವಾಗಿ ಬಂತು, ಇಬ್ಬರು ಗಂಡಸರು. ನನ್ನ ಪಕ್ಕ ಬಂದು ನಿಂತರು. "ಅಕ್ಕಾ, ಸೀರೆ ಬೇಕೇನ್ರಿ, ಮೊಳಕಾಲ್ಮೂರು ರೇಷ್ಮೆ," ಅಂದ ಹಿಂದೆ ಕೂತವನು, ಗಂಟು ತೋರಿಸಿ. ಬೇಡ ಅನ್ನಲೂ ಆಗದೆ ತಲೆ ಅಲ್ಲಾಡಿಸಿದೆ. ಅವರು ಹೋದ ಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಸ್ವಲ್ಪ ಅತ್ತೆ.

ಮನೆಯಲ್ಲಿ ಆಕೆ ಶೇಂಗಾ ಸುಲಿಯುತ್ತಿದ್ದಳು. ಹತ್ತಿ ತೆಗೆದಿತ್ತು. ಎಡಗಣ್ಣು ಹೊರಗಿಂದ ನೋಡಲು ಚೆನ್ನಾಗಿಯೇ ಇತ್ತು. ಬಲಗಣ್ಣು ಮುಚ್ಚಿಸಿ ನನ್ನ ಬೆರಳು ಹಿಡಿದು ಎಷ್ಟು ಅಂತ ಕೇಳಿದೆ. ಎರಡಕ್ಕೆ ನಾಲ್ಕು ಅಂದಳು. ನಾಳಿದ್ದು ಡಾಕ್ಟರ ಹತ್ತಿರ ಹೋಗುವುದು ಇದ್ದೇ ಇದೆ, ಇವತ್ತು ಈ ಅರ್ಜಿಗೆ ಹೆಬ್ಬೆಟ್ಟು ಹಾಕು ಅಂದು ಚೀಲದಿಂದ ಹಾಳೆ, ಶಾಯಿ ಪ್ಯಾಡು ತೆಗೆದೆ. ಕೈಗೆ ಶಾಯಿ ಮೆತ್ತಿತು. ತೊಳೆಯಲು ಹಿತ್ತಲಿಗೆ ಹೋದೆ.

ಗೋಡೆಯ ಮೇಲೆ ಇರುವೆಯ ಸಾಲು. ಅದು ಮೇಲಕ್ಕೆ ಎಲ್ಲಿಗೆ ಹೋಗುತ್ತಿದೆ ಅಂತ ಸುಮ್ಮನೆ ಕಣ್ಣು ಹಾಯಿಸಿದೆ. ಸೂರಿನ ಕೆಳಗೆ, ಮೊಳೆಗೆ ತಂತಿಯಲ್ಲಿ ಕಟ್ಟಿ, ಹಂದಿಯ ಕೆಳದವಡೆ ಒಣಗಲು ಹಾಕಿತ್ತು. ಎರಡೂ ಕೋರೆ ಹಾಗೇ ಇದ್ದವು. ಮೂಳೆಯ ಸಂದಿಯಲ್ಲಿ ಮಾಂಸ ಇನ್ನೂ ಪೂರ್ತಿ ಒಣಗಿರಲಿಲ್ಲ.

ನನ್ನ ಅಪ್ಪನ ಮನೆಯ ಸೂರಿನಲ್ಲಿ ಇಂಥವು ಮೂರಿದ್ದವು, ಹಾಗಾಗಿ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಕಡೆಯ ಊರುಗಳಲ್ಲಿ ಹಂದಿ ಬಿದ್ದರೆ ಪಾಲು ಹಾಕಲು ಒಂದು ಕಟ್ಟುಪಾಡು ಇದೆ. ಮೆಳೆಗೆ ಇಳಿದು ಕೂಗಿ ಎಬ್ಬಿಸಿದವರಿಗೆಲ್ಲ ಒಂದೊಂದು ಪಾಲು. ಬಂದೂಕು ಯಾರದೋ ಅವರ ಮನೆಗೆ ಹಿಂಗಾಲಿನ ತೊಡೆ, ಅವರು ಬೇಟೆಗೆ ಬರಲಿ ಬಿಡಲಿ. ತಲೆ ಮಾತ್ರ ಹೊಡೆದವನ ಮನೆಗೆ. ಅದರಲ್ಲಿ ಯಾರೂ ಪಾಲು ಕೇಳುವುದಿಲ್ಲ, ಯಾರೂ ಸುಳ್ಳು ಹೇಳುವುದೂ ಇಲ್ಲ. ಠಾಣೆಯಲ್ಲಿ ಏನು ಬೇಕಾದರೂ ಹೇಳುವ ಗಂಡಸರು ಇದರಲ್ಲಿ ಮಾತ್ರ ಒಂದೇ ಮಾತಿನವರು. ದವಡೆ ಒಣಗಿಸಿ ಸೂರಿಗೆ ಕಟ್ಟುವ ಹಕ್ಕು ಅವನೊಬ್ಬನದು.

ಅಯ್ಯೋ, ಅಂದುಕೊಂಡೆ. ಹೊಡೆದದ್ದು ಗಂಡನೇ.

ನೀರಿನ ತಂಬಿಗೆ ಹಿಡಿದು ಅಲ್ಲೇ ಕೂತೆ. ಎಲ್ಲ ಒಂದೊಂದಾಗಿ ಬಂತು. ಲೈಸೆನ್ಸಿನ ಗನ್ನನ್ನು ಯಾರೂ ಆಳಿನ ಕೈಗೆ ಕೊಡುವುದಿಲ್ಲ, ಸಾವ್ಕಾರರ ಗನ್ನು ಬೀರುವಿನಲ್ಲೇ ಇದ್ದದ್ದು ನಿಜ. ಹಾಗಾದರೆ ಬಂದೂಕು ಬೇರೆ. ಮದ್ದು ಜಡಿಯುವ ನಾಡಬಂದೂಕು, ಲೈಸೆನ್ಸಿಲ್ಲದ್ದು. ಅದಕ್ಕೆ ತೋಟಾ ಇಲ್ಲ, ಕೈಗೆ ಸಿಕ್ಕಿದ್ದನ್ನು ಜಡಿಯುತ್ತಾರೆ. ಎಕ್ಸರೇಯಲ್ಲಿ ಉದ್ದಕ್ಕೆ ಕಂಡ ಚೂರುಗಳು. "ಸೀಸ ಸಾರ್." ನಾನೇ ಹೇಳಿದ್ದು. ಗೊತ್ತಿಲ್ಲದೆ ಹೇಳಿದ್ದು. ಆ ಮಾತಿನ ಮೇಲೆ ಆ ಚೂರು ಇಷ್ಟು ದಿನ ಆಕೆಯ ಕಣ್ಣೊಳಗೆ ಕೂತಿದೆ.

ಅಂಥ ಹೆದರಿಕೆ ನನಗೆ ಸಾವ್ಕಾರರ ಮುಂದೆಯೂ ಆಗಿರಲಿಲ್ಲ. ಅಲ್ಲಿ ನನ್ನ ಕೈಗೆ ಹೆದರಿದ್ದೆ. ಇಲ್ಲಿ ನಾನೇ ಮಾಡಿದ್ದಕ್ಕೆ ಹೆದರಿದೆ. ಎದ್ದು ಹೋಗಿಬಿಡೋಣ ಅಂತಲೂ ಅನಿಸಿತು, ಸುಳ್ಳಾಡುವುದಿಲ್ಲ. ಹೆಬ್ಬೆಟ್ಟು ತೆಗೆದುಕೊಂಡು ಬಸ್ಸು ಹತ್ತಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕೊಟ್ಟಿಗೆಯ ಹಿಂದೆ ನಿಂತು ವಕೀಲರಿಗೆ ಫೋನು ಮಾಡಿದೆ. ಪಿಸುಮಾತಿನಲ್ಲಿ ಎಲ್ಲ ಹೇಳಿದೆ. "ಅವನನ್ನ ಏನೂ ಕೇಳದೆ, ಕಬ್ಬಿಣ ಅಂತ ನಾನೇ ಡಾಕ್ಟ್ರಿಗೆ ಹೇಳ್ಬಿಡ್ಲಾ ಸಾರ್? ಕಣ್ಣೂ ಉಳೀತದೆ, ಅವನೂ ಉಳೀತಾನೆ."

"ಕಬ್ಬಿಣ ಅಂತ ನಿಮಗೆ ಗೊತ್ತಾ?"

"ಇಲ್ಲ."

"ಒಂದ್ಸಲ ಗೊತ್ತಿಲ್ದೆ ಹೇಳಿದ್ರಲ್ಲ ಮೇಡಂ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನಾಟಿತು. "ಅವನನ್ನ ಕೇಳಿ. ಕೇಳೋಕೆ ಮುಂಚೆ ಹೇಳಿ, ಹೇಳಿದ್ರೆ ಕೇಸಾಗುತ್ತೆ, ನೀವು ಮುಚ್ಚಿಡಲ್ಲ ಅಂತ. ಅವನಿಗೆ ಬೇರೆ ವಕೀಲರನ್ನ ನಾನು ನೋಡ್ತೀನಿ. ಆಮೇಲೆ ಹೇಳೋದು ಬಿಡೋದು ಅವನಿಷ್ಟ."

ಒಳಗೆ ಬಂದೆ. ಮೊದಲು ಅರ್ಜಿಯ ಹಾಳೆಗಳನ್ನು ಎತ್ತಿಕೊಂಡು ಹರಿದೆ. ಗಂಡ ಆಗ ತಾನೇ ಹೊಲದಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಆಕೆ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಅಪ್ಪಾ, ಇಲ್ಲಿ ಕೇಳು," ಅಂದೆ. "ಹಿತ್ತಲಾಗೆ ದವಡೆ ನೋಡ್ದೆ. ನೀನು ಈಗ ಏನು ಹೇಳಿದ್ರೂ ಅದನ್ನ ನಾನು ಮುಚ್ಚಿಡಲ್ಲ. ನಿನ್ನ ಮೇಲೆ ಹಂದಿದೂ ಬಂದೂಕಿಂದೂ ಎರಡೂ ಕೇಸು ಆಗ್ತವೆ. ಹೇಳ್ದೆ ಇದ್ರೂ ನಾನು ಒತ್ತಾಯ ಮಾಡಲ್ಲ. ಕಣ್ಣಿನ ಡಾಕ್ಟ್ರಿಗೆ ಒಂದೇ ಒಂದು ಬೇಕಾಗೈತೆ. ಬಂದೂಕಿಗೆ ಏನು ಜಡ್ದಿದ್ದೆ?"

ಅವನು ಹಾಗೇ ಗೋಡೆಗೆ ಒರಗಿ ಜಾರಿ ಕೂತ. ಅತ್ತೆ ಒಳಗಿಂದ ಬಂದು "ವದ್ದು ಕೊಡುಕಾ, ಸುಮ್ನಿರು" ಅಂದಳು, ಬೇಡ ಮಗನೇ ಅಂತ. ಉತ್ತರ ಕೊಟ್ಟದ್ದು ಅವನಲ್ಲ, ಆಕೆ.

"ನಂಗೊತ್ತಿತ್ತು ಕಣಕ್ಕ," ಅಂದಳು. "ಅವತ್ತು ಕಟ್ಟು ಕಟ್ಟಿಸ್ಕೊಂಡು ಸಂಜೆಗೆ ಮನೆಗೆ ಬಂದೆ. ತಲೆ ನಮ್ಮನೆಗೆ ಬಂದಿತ್ತಲ್ಲ. ಅವಾಗ್ಲೇ ಗೊತ್ತಾತು."

"ಡಾಕ್ಟ್ರು ಕೇಳಿದಾಗ ಯಾಕೆ ಸುಮ್ನಿದ್ದೆ ತಂಗೀ?"

"ಇನ್ನೊಂದು ಕಣ್ಣು ಐತಲ್ಲಕ್ಕ. ಇವನು ಒಬ್ನೇ."

ಗಂಡ ಮುಖ ಮುಚ್ಚಿಕೊಂಡು ಅಳತೊಡಗಿದ. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ನರ್ಸಮ್ಮ ಒಮ್ಮೆ ಹೇಳಿದ್ದು ನೆನಪಾಗಿ ಅದನ್ನೇ ಹೇಳಿದೆ. ಕೆಟ್ಟುಹೋದ ಕಣ್ಣು ಒಳಗೇ ಉಳಿದರೆ ಕೆಲವು ಸಲ ಚೆನ್ನಾಗಿರುವ ಕಣ್ಣನ್ನೂ ತೆಗೆದುಕೊಂಡು ಹೋಗುತ್ತದೆ, ಅಪರೂಪಕ್ಕೆ ಆದರೂ ಆಗುತ್ತದೆ ಅಂತ. ಹೆದರಿಸಲು ಹೇಳಲಿಲ್ಲ, ನಿಜ ಅಂತ ಹೇಳಿದೆ. ಆದರೂ ಹೆದರಿಸಿದಂತೆಯೇ ಆಯಿತು.

ಆಕೆ ಗಂಡನ ಕಡೆ ತಿರುಗಿದಳು. "ಹೇಳ್ಬಿಡು ಮತ್ತೆ."

"ಬೇಲಿ ತಂತಿ," ಅಂದ ಅವನು, ಅಂಗೈಯೊಳಗಿಂದಲೇ. "ಚರೆ ಇರ್ಲಿಲ್ಲ. ಕಟಿಂಗ್ ಪ್ಲೇಯರ್‌ನಾಗೆ ಸಣ್ಣಗೆ ಕತ್ತರ್ಸಿ ಜಡ್ದೆ. ಬಂದೂಕು ಸಾವ್ಕಾರ್ರು ಪಂಪ್‌ಸೆಟ್ ಮನೆಯಾಗೆ ಇಟ್ಟಿರೋದು, ಹಂದಿ ಕಾಯೋಕೆ ಅಂತ ಅವ್ರೇ ನನ್ ಕೈಗೆ ಕೊಟ್ಟಿದ್ದು. ಇವ್ಳು ಮನೆಯಾಗೆ ಇದ್ಲು ಅನ್ಕೊಂಡಿದ್ದೆ ಕಣಕ್ಕ. ಮೆಳೆ ಅಲ್ಲಾಡ್ತು, ಹಂದಿ ಬಿತ್ತು, ಆಮೇಲೆ ಇವ್ಳು ಕೂಗಿದ್ದು ಕೇಳ್ತು."

ಡಾಕ್ಟರ ನಂಬರಿಗೆ ಫೋನು ಹಚ್ಚಿದೆ. ತಪ್ಪು ಮಾಹಿತಿ ಕೊಟ್ಟವಳು ನಾನು ಅಂತ ನಾನೇ ಹೇಳಿದೆ. ಆಮೇಲೆ ಫೋನನ್ನು ಅವನ ಕೈಗೆ ಕೊಟ್ಟೆ. "ಕಬ್ಬಿಣ ಸಾರ್. ನಾನೇ ಕತ್ತರ್ಸಿದ್ದು," ಅಂದ. ಆ ಕಡೆಯಿಂದ ಡಾಕ್ಟರು "ಖಾಲಿ ಹೊಟ್ಟೇಲಿ ನಾಳೆ ಬೆಳಿಗ್ಗೆಗೆ ಇಲ್ಲಿರಬೇಕು" ಅಂದದ್ದು ನನಗೂ ಕೇಳಿಸಿತು. ಹಾಗಾದರೆ ಅವತ್ತೇ ಹೊರಡಬೇಕು.

ಸ್ಟಾಪಿನಲ್ಲಿ ಮೂವರೂ ಬಸ್ಸಿಗೆ ಕಾಯುತ್ತಿದ್ದೆವು. ಜೀಪು ಬಂದು ನಿಂತಿತು. ಈ ಸಲ ಸಾವ್ಕಾರರು ಇಳಿಯಲಿಲ್ಲ.

"ಎಲ್ಲಿಗ್ಲೇ ಹೊಂಟಿದ್ದು?" ಅಂತ ಗಂಡನನ್ನು ಕೇಳಿದರು.

ನಾನು ಬಲಗೈಯನ್ನು ಚೀಲದೊಳಗೆ ಇಟ್ಟುಕೊಂಡೆ. ಗಂಡ ಜೀಪಿನ ಕಡೆ ಒಂದು ಹೆಜ್ಜೆ ಇಟ್ಟ. "ದಾವಣಗೆರೆಗೆ ರಿ. ಚೂರು ತೆಗ್ಸಾಕೆ."

"ನಾನು ತೆಗ್ಸ್ತೀನಿ ಅಂದಿದ್ನಲ್ಲೋ."

"ಬ್ಯಾಡ ರಿ. ನಾನು ಹೊಡೆದಿದ್ದು, ನೀವು ಕೊಟ್ಟ ಬಂದೂಕಿಂದ. ಡಾಕ್ಟ್ರಿಗೆ ಹೇಳಿದೀನಿ. ಠಾಣೆಗೂ ಹೇಳ್ತೀನಿ."

ಅವರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬಸ್ಸು ಬಂತು, ಹತ್ತಿದೆವು. ಹಿಂದಿನ ಕಿಟಕಿಯಲ್ಲಿ ಜೀಪು ಚಳ್ಳಕೆರೆಯವರೆಗೂ ಕಾಣುತ್ತಲೇ ಇತ್ತು. ಬಸ್ಸು ಪ್ರತಿ ಸಲ ನಿಂತಾಗಲೂ ಅವರು ಹತ್ತಿ ಬರುತ್ತಾರೆ ಅಂತ ನಾನು ಸೀಟಿನ ಕಂಬಿ ಹಿಡಿದುಕೊಂಡೆ. ಬಸ್ ಸ್ಟ್ಯಾಂಡಿನ ಗೇಟಿನಲ್ಲಿ ಅದು ತಿರುಗಿ ಹೋಯಿತು. ಆಕೆ ಉದ್ದಕ್ಕೂ ನಿದ್ದೆ ಮಾಡಿದ್ದಳು, ಗಂಡನ ಹೆಗಲಿಗೆ ತಲೆಯಿಟ್ಟು.

ಆಪರೇಷನ್ನಿಗೆ ಎರಡು ಗಂಟೆ ಹಿಡಿಯಿತು. ಡಾಕ್ಟರು ಹೊರಬಂದು ಒಂದು ಸಣ್ಣ ಗಾಜಿನ ಸೀಸೆ ತೋರಿಸಿದರು. ಒಳಗೆ ಅಕ್ಕಿನುಚ್ಚಿನಷ್ಟು ಒಂದು ಕಂದು ಚೂರು. ಅಯಸ್ಕಾಂತದ ತುದಿಯನ್ನು ಸೀಸೆಗೆ ಹೊರಗಿಂದ ತಾಗಿಸಿದರು. ಚೂರು ಟಿಕ್ ಅಂತ ಗಾಜಿಗೆ ಹಾರಿ ಕಚ್ಚಿಕೊಂಡಿತು. "ಇನ್ನೂ ಬಿಟ್ಟಿದ್ರೆ ಪೂರ್ತಿ ಹೋಗ್ತಿತ್ತು. ಎಷ್ಟು ಉಳಿಯುತ್ತೆ ಅಂತ ಈಗಲೇ ಹೇಳೋಕಾಗಲ್ಲ," ಅಂದರು. ಸೀಸೆಗೆ ಅಂಟು ಕಾಗದ ಸುತ್ತಿ, ಸಹಿ ಹಾಕಿ, ಪೇದೆಗೆ ಒಪ್ಪಿಸಿದರು. ಆ ಟಿಕ್ ಸದ್ದು ನನಗೆ ಬಹಳ ದಿನ ಕೇಳಿಸುತ್ತಿತ್ತು.

ಆಕೆಗೆ ಕಟ್ಟು ಬಿಚ್ಚುವ ದಿನ ಗಂಡ ಇರಲಿಲ್ಲ. ಠಾಣೆಗೆ ತಾನೇ ಹೋಗಿ ಹೇಳಿಕೆ ಕೊಟ್ಟಿದ್ದ, ಪಂಪ್‌ಸೆಟ್ ಮನೆಯಲ್ಲಿ ಹೊಟ್ಟಿನ ಕೆಳಗಿದ್ದ ಬಂದೂಕು ತೋರಿಸಿದ್ದ, ಒಳಗೆ ಹೋಗಿದ್ದ. ಸಾವ್ಕಾರರ ಹೆಸರೂ ಕೇಸಿನಲ್ಲಿ ಸೇರಿತು, ಅವರಿಗೆ ಜಾಮೀನು ಬೇಗ ಸಿಕ್ಕಿತು. ಇವನಿಗೆ ತಡವಾಯಿತು. ನಾನು ಇನ್ನೂ ನರ್ಸಮ್ಮನ ಮನೆಯಲ್ಲೇ ಇದ್ದೆ. ಜೀಪಿನ ಸದ್ದು ಕೇಳಿದರೆ ಬರೆಯುತ್ತಿರುವ ಕೈ ತಾನೇ ನಿಲ್ಲುತ್ತಿತ್ತು.

ಪರಿಹಾರದ ಅರ್ಜಿಯನ್ನು ಹೊಸದಾಗಿ ಬರೆಯಲು ಆಕೆಯ ಮನೆಗೆ ಹೋದದ್ದು ಆಮೇಲೆ. ಎಡಗಣ್ಣಿನಲ್ಲಿ ತೀರ ಹತ್ತಿರ ಹಿಡಿದ ಬೆರಳನ್ನು ಎಣಿಸುತ್ತಿದ್ದಳು, ಸಂಜೆಯಾದರೆ ಇನ್ನೂ ಮಬ್ಬು. ಎಲ್ಲವನ್ನೂ ಆಕೆಯ ಬಾಯಿಂದ ಕೇಳಿ ಕೇಳಿ ಬರೆದೆ. ನಾನಾಗಿ ಒಂದು ಮಾತು ಸೇರಿಸಲಿಲ್ಲ. ಹಳ್ಳ, ಕೂಗು, ಸದ್ದು, ಮುಳ್ಳು ಅಂತ ಹೇಳಿದ್ದು, ನಾನು ಸೀಸ ಅಂದದ್ದು, ಎಲ್ಲ. ಮುಗಿಯಿತು ಅಂತ ಪೆನ್ನಿನ ಮುಚ್ಚಳ ಹಾಕಿದೆ.

ಆಕೆ ಎದ್ದು ಹಿತ್ತಲಿಗೆ ಹೋದಳು. ಬರುವಾಗ ಕೈಯಲ್ಲಿ ದವಡೆ ಇತ್ತು, ತಂತಿಯ ಸಮೇತ. ಸೀರೆ ಇಟ್ಟಂಥದ್ದೇ ಕಾಗದದ ಚೀಲ ಕೇಳಿದಳು. ಕೊಟ್ಟೆ. ತಾನೇ ಹಾಕಿ ಬಾಯಿ ಮಡಚಿ ನನ್ನ ಮುಂದಿಟ್ಟಳು.

"ಇದ್ನೂ ಬರಿ. ಇನ್ನೊಂದು ಐತೆ, ಅದ್ನೂ ಬರಿ. ಅವತ್ತು ಸಂಜೆ ಅತ್ತೆ ಆ ಹಂದಿ ತಲೆದೇ ಸಾರು ಮಾಡಿದ್ಲು. ಗೊತ್ತಿದ್ದೂ ನಾನು ಉಂಡೆ."

"ಅದು ಬ್ಯಾಡ ತಂಗೀ," ಅಂದೆ. ನಿಜವಾಗಿಯೂ ಹೆದರಿಕೆಯಾಯಿತು. "ಕಾಡುಹಂದಿ ತಿಂದಿದ್ದೂ ತಪ್ಪೇ ಅಂತಾರೆ, ಅರ್ಜಿಗೆ ತೊಂದ್ರೆ ಆದ್ರೆ? ಅದನ್ನ ಯಾರೂ ಕೇಳಿಲ್ಲ."

"ಹೋದ್ಸಲ ನೀನು ಗೊತ್ತಿಲ್ದೆ ಇರೋದು ಬರ್ದೆ ಅಕ್ಕ. ಈ ಸಲ ಗೊತ್ತಿರೋದು ಬರಿ."

ಬರೆದೆ. ಓದಿ ಹೇಳಿದೆ. ಹೆಬ್ಬೆಟ್ಟಿಗೆ ಅಂತ ಶಾಯಿ ಪ್ಯಾಡು ತೆರೆದರೆ ಬೇಡ ಅಂದಳು, ಹೆಸರು ಬರೆಯಲು ಬರುತ್ತದೆ ಅಂದಳು. ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು. ನಾನು ಬೆಚ್ಚಿ ಬಾಗಿಲ ಕಡೆ ನೋಡಿದೆ. ಆಕೆ ನೋಡಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣನ್ನು ಹಾಳೆಗೆ ತಾಗುವಷ್ಟು ಹತ್ತಿರ ತಂದು, ಗೆರೆ ಎಲ್ಲಿದೆ ಅಂತ ಹುಡುಕಿ ಸಹಿ ಹಾಕಿದಳು.